.22 ರೈಫಲ್‌ನಲ್ಲಿ 200 ಮೀಟರ್ ಆಗುತ್ತಾ? ನಿಜವಾಗಿ ಎಲ್ಲಿವರೆಗೆ ನಂಬಬಹುದು?

ಶಿರಾಹುಡುಗ:
ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಇದ್ದೇನೆ, ಊರು ಶಿರಾ ಕಡೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ಹಿಡಿದಿದ್ದೆ, ಅಲ್ಲಿ 25 ಗಜದ ಆಚೆ ಹೊಡೆಸಲೇ ಇಲ್ಲ. ಈಗ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ 50 ಮೀಟರ್ ಪ್ರೋನ್ (ಹೊಟ್ಟೆ ಮೇಲೆ ಮಲಗಿ ಹೊಡೆಯುವುದು) ಅಭ್ಯಾಸ ಮಾಡುತ್ತೇನೆ, ಗ್ರೂಪ್ (ಗುಂಡುಗಳು ಎಷ್ಟು ಒತ್ತಾಗಿ ಬೀಳುತ್ತವೆ ಅನ್ನುವುದು) ಪರವಾಗಿಲ್ಲ. ಯೂಟ್ಯೂಬಿನಲ್ಲಿ ನೋಡಿದರೆ ಹೊರದೇಶದವರು ಇದೇ .22ನಲ್ಲಿ 300 ಮೀಟರ್, ಇನ್ನೂ ದೂರದ ಕಬ್ಬಿಣದ ತಟ್ಟೆಗೆಲ್ಲ ಹೊಡೆಯುತ್ತಾರೆ. ಒಳ್ಳೆ ಸ್ಕೋಪ್ ಹಾಕಿದರೆ ನಮಗೂ 200 ಮೀಟರ್ ಆಗುತ್ತಾ, ಇಲ್ಲ ದುಡ್ಡು ದಂಡವಾ? ಇನ್ನೊಂದು ವಿಷಯ, ಮಾವನವರ ಹೊಲದ ಹಿಂದೆ ದೊಡ್ಡ ಬಂಡೆ ಇದೆ, ಹತ್ತಿರದಲ್ಲಿ ಮನೆ ಇಲ್ಲ. ಅಲ್ಲಿ ಟಾರ್ಗೆಟ್ ಇಟ್ಟು ನೋಡಬಹುದಾ?

ಕೋಲಾರದ_ಗುರಿ:
ಮೊದಲು ಆ ಬಂಡೆ ವಿಷಯ ಮುಗಿಸೋಣ ತಮ್ಮ. ಬೇಡ. ಬಂಡೆ ಇದ್ದರೆ ಗುಂಡು ಅಲ್ಲೇ ನಿಲ್ಲುತ್ತದೆ ಅಂತ ನಮ್ಮ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ, ಅದು ತಪ್ಪು. .22 ಗುಂಡು ಮೆತ್ತನೆ ಸೀಸ, ವೇಗವೂ ಕಡಿಮೆ. ಓರೆಯಾಗಿ ಕಲ್ಲಿಗೆ ತಾಗಿದರೆ ಪುಟಿದು ಎತ್ತ ಕಡೆ ಹೋಗುತ್ತದೋ ಯಾರೂ ಹೇಳಲಾಗದು. ಡಬ್ಬಿ ಮೇಲೆ ಒಂದೂವರೆ ಮೈಲಿವರೆಗೆ ಅಪಾಯ ಅಂತ ಅಚ್ಚು ಹಾಕಿರುತ್ತಾರಲ್ಲ, ಅದು ಸುಮ್ನೆ ಬರೆದದ್ದಲ್ಲ. ಅಷ್ಟು ದೂರದಲ್ಲಿ ಯಾರೋ ಕುರಿ ಮೇಯಿಸುತ್ತಿರುತ್ತಾರೆ, ಯಾರೋ ಹುಣಸೆಹಣ್ಣು ಬಡಿಯುತ್ತಿರುತ್ತಾರೆ. ಗುರಿ ಅಭ್ಯಾಸಕ್ಕೆ ಅಂತ ಪಡೆದ ರೈಫಲ್ ಅನ್ನು ರೇಂಜಿನಲ್ಲೇ ಬಳಸಬೇಕು, ನಿಮ್ಮ ಲೈಸೆನ್ಸಿನ ಷರತ್ತು ಒಮ್ಮೆ ಓದಿಕೊಳ್ಳಿ. 2019ರ ತಿದ್ದುಪಡಿ ಆದ ಮೇಲೆ, ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಅಜಾಗರೂಕವಾಗಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಈಗ ದೂರದ ಲೆಕ್ಕ. ಸ್ಟ್ಯಾಂಡರ್ಡ್ ರೌಂಡ್ ಅಂದರೆ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು, ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 325 ಮೀಟರ್. 50 ಮೀಟರಿಗೆ ಝೀರೋ ಮಾಡಿದ್ದರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟ ಕಡೆಯೇ ಗುಂಡು ಬೀಳುವ ಹಾಗೆ ಸ್ಕೋಪ್ ಹೊಂದಿಸಿದ್ದರೆ, 100 ಮೀಟರಿನಲ್ಲಿ ಒಂದು ಗೇಣಿನಷ್ಟು ಕೆಳಗೆ ಬೀಳುತ್ತದೆ. 200ರಲ್ಲಿ ಸುಮಾರು ಒಂದೂವರೆ ಮೀಟರ್. 300ರಲ್ಲಿ ನಾಲ್ಕು ಮೀಟರಿಗೂ ಜಾಸ್ತಿ. ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಬೀಳುವುದು ದೊಡ್ಡ ತೊಂದರೆಯೇ ಅಲ್ಲ. ಅದು ಪ್ರತಿ ಸಲವೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಸ್ಕೋಪಿನಲ್ಲಿ ಕ್ಲಿಕ್ ಹಾಕಿ ಸರಿ ಮಾಡಬಹುದು. 200 ಮೀಟರಿಗೆ ಸುಮಾರು 26 ಎಂಒಎ (ಕೋನದ ಅಳತೆ, ಒಂದು ಎಂಒಎ ಅಂದರೆ 100 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್) ಮೇಲೆತ್ತಬೇಕು. ಕೆಲವು ಸ್ಕೋಪುಗಳಿಗೆ ಅಷ್ಟು ಏರಲು ಜಾಗವೇ ಇರುವುದಿಲ್ಲ, ಅದಕ್ಕೆ 20 ಎಂಒಎ ಓರೆ ಇರುವ ರೈಲ್ (ಸ್ಕೋಪ್ ಕೂರಿಸುವ ಪಟ್ಟಿ) ಹಾಕುತ್ತಾರೆ. ದುಡ್ಡಿನಿಂದ ಬಗೆಹರಿಯುವುದು ಇಷ್ಟೇ.

ಬಗೆಹರಿಯದ್ದು ಎರಡು. ಒಂದು ಗಾಳಿ. ಇನ್ನೊಂದು, ಒಂದು ರೌಂಡಿಗೂ ಇನ್ನೊಂದಕ್ಕೂ ಇರುವ ವೇಗದ ವ್ಯತ್ಯಾಸ. .22 ರೌಂಡಿನಲ್ಲಿ ಮದ್ದನ್ನು ಹೊತ್ತಿಸುವ ಮಿಶ್ರಣ ಕೇಸಿನ (ಮದ್ದು ತುಂಬಿದ ಲೋಹದ ಕೊಳವೆಯ) ಅಂಚಿನ ಒಳಗೇ ಇರುತ್ತದೆ, ಅದಕ್ಕೇ ರಿಮ್‌ಫೈರ್ ಅನ್ನುವುದು. ದೊಡ್ಡ ರೈಫಲ್‌ನವರ ಹಾಗೆ ಖಾಲಿ ಕೇಸಿಗೆ ಮದ್ದು ಅಳೆದು ತುಂಬಿಕೊಳ್ಳಲು ಆಗುವುದಿಲ್ಲ. ಕಾರ್ಖಾನೆ ಕೊಟ್ಟದ್ದೇ ಗತಿ. ಎರಡು ಗುಂಡಿನ ನಡುವೆ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಇದ್ದರೆ 50 ಮೀಟರಿನಲ್ಲಿ ಅದು ಸೆಂಟಿಮೀಟರಿಗಿಂತ ಕಡಿಮೆ. 200 ಮೀಟರಿನಲ್ಲಿ ಅದೇ ವ್ಯತ್ಯಾಸ 10 ಸೆಂಟಿಮೀಟರ್ ಹತ್ತಿರ ಮೇಲೆ ಕೆಳಗೆ ಮಾಡುತ್ತದೆ. ನೀವು ಎಷ್ಟೇ ಚೆನ್ನಾಗಿ ಟ್ರಿಗರ್ ಎಳೆದರೂ ಅಷ್ಟೇ.

ನಂದಿತಪ್ಪಲು:
ಗಾಳಿ ಬಗ್ಗೆ ನಾನು ಸೇರಿಸುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಸೋಲುವುದು. ಪಕ್ಕದಿಂದ ಗಂಟೆಗೆ 15 ಕಿ.ಮೀ. ಗಾಳಿ ಅಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಆಷಾಢದಲ್ಲಿ ಅದನ್ನು ಯಾರೂ ಗಾಳಿ ಅಂತಲೂ ಅನ್ನುವುದಿಲ್ಲ. ಆ ಗಾಳಿ ಈ ಗುಂಡನ್ನು 50 ಮೀಟರಿನಲ್ಲಿ 2 ಸೆಂಟಿಮೀಟರ್‌ಗೂ ಜಾಸ್ತಿ ತಳ್ಳುತ್ತದೆ, 100ರಲ್ಲಿ ಸುಮಾರು 10, 200ರಲ್ಲಿ 35ರ ಆಸುಪಾಸು. ದೂರ ಎರಡರಷ್ಟಾದರೆ ಗಾಳಿ ಪೆಟ್ಟು ನಾಲ್ಕರಷ್ಟು ಅಂತ ಅಂದಾಜಿಟ್ಟುಕೊಳ್ಳಿ. 50 ಮೀಟರ್ ಟಾರ್ಗೆಟ್ಟಿನ 10ರ ವೃತ್ತ ಇರುವುದೇ 10.4 ಮಿಲಿಮೀಟರ್ ಅಗಲ. ಅಂದರೆ 50 ಮೀಟರಿನಲ್ಲೇ ಗಾಳಿ ಓದದಿದ್ದರೆ 10 ಸಿಗುವುದಿಲ್ಲ, ಇನ್ನು 200ರ ಮಾತೆಲ್ಲಿ?

ಮತ್ತೆ ಗಾಳಿ ದಾರಿ ಉದ್ದಕ್ಕೂ ಒಂದೇ ಥರ ಇರುವುದಿಲ್ಲ. ನೀವು ಮಲಗಿರುವ ಕಡೆ ಎಲೆ ಅಲ್ಲಾಡುವುದಿಲ್ಲ, ಮಧ್ಯದಲ್ಲಿ ಎಡದಿಂದ, ಟಾರ್ಗೆಟ್ ಹತ್ತಿರ ಎದುರಿನಿಂದ ಬೀಸುತ್ತಿರುತ್ತದೆ. ಆ ವಿಡಿಯೋದವರು ತಟ್ಟೆಗೆ ಹೊಡೆಯುವುದು ಸುಳ್ಳಲ್ಲ. ಆದರೆ ತಟ್ಟೆ ಎಷ್ಟು ದೊಡ್ಡದು, ಮೊದಲು ಎಷ್ಟು ತಪ್ಪಿದವು, ಆಮೇಲೆ ಸರಿ ಮಾಡಿಕೊಂಡು ಹೊಡೆದದ್ದಾ ಅಂತ ಗಮನಿಸಿ. ತಪ್ಪಿದ ಗುಂಡು ನೋಡಿ ತಿದ್ದಿಕೊಳ್ಳುವುದು ಬೇರೆ, ಮೊದಲ ಗುಂಡೇ ತಾಗಿಸುವುದು ಬೇರೆ.

ಇದೇ ಗಾಳಿ ಗೆಲ್ಲಲು ನಮ್ಮವರು ಎಷ್ಟು ಬೆವರು ಸುರಿಸಿದ್ದಾರೆ! ಸಿಫ್ಟ್ ಕೌರ್ ಸಮ್ರಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 469.6 ಅಂಕ ತೆಗೆದು ವಿಶ್ವದಾಖಲೆ ಮಾಡಿದ್ದು, ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು, ಎರಡೂ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ). 50 ಮೀಟರ್ ಸಣ್ಣ ದೂರ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಮಧುಗಿರಿ_ಕೋಟೆ:
ಹಾಗಾದರೆ ಹೈ ವೆಲಾಸಿಟಿ ರೌಂಡ್ ಹಾಕಿದರೆ ಗಾಳಿಗೆ ಕಡಿಮೆ ಸರಿಯುತ್ತದೆ ಅಲ್ವಾ? ಬೇಗ ತಲುಪುತ್ತದೆ ತಾನೇ?

ಕೋಲಾರದ_ಗುರಿ:
ಇಲ್ಲ, ಇದು ಉಲ್ಟಾ. ಅದು ಶಬ್ದಕ್ಕಿಂತ ವೇಗವಾಗಿ ಹೊರಡುತ್ತದೆ, ಸೆಕೆಂಡಿಗೆ ಸುಮಾರು 380 ಮೀಟರ್. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ವಿಪರೀತ, ಹಾಗಾಗಿ 100 ಮೀಟರ್ ದಾಟುವ ಮೊದಲೇ ಆ ವೇಗ ಕಳೆದುಕೊಳ್ಳುತ್ತದೆ. ಪಕ್ಕದ ಗಾಳಿ ಎಷ್ಟು ತಳ್ಳುತ್ತದೆ ಅನ್ನುವುದು ಗುಂಡು ದಾರಿಯಲ್ಲಿ ಎಷ್ಟು ನಿಧಾನವಾಯಿತು ಅನ್ನುವುದರ ಮೇಲೆ ನಿಂತಿದೆ, ಬರೀ ಹೊರಟ ವೇಗದ ಮೇಲಲ್ಲ. ಅದಕ್ಕೇ 100 ಮೀಟರಿನಲ್ಲಿ ಹೈ ವೆಲಾಸಿಟಿ ಗುಂಡು ಸ್ಟ್ಯಾಂಡರ್ಡ್‌ಗಿಂತ ಜಾಸ್ತಿ ಸರಿಯುತ್ತದೆ. ಮ್ಯಾಚ್ ರೌಂಡುಗಳೆಲ್ಲ (ಸ್ಪರ್ಧೆಗೆಂದೇ ಮಾಡಿದವು) ಶಬ್ದದ ವೇಗಕ್ಕಿಂತ ಕೆಳಗೇ ಇರುವುದಕ್ಕೆ ಇದೂ ಒಂದು ಕಾರಣ.

ಶಿರಾಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ. ಬಂಡೆ ಯೋಚನೆ ಬಿಟ್ಟೆ. 100 ಮೀಟರ್ ರೇಂಜ್ ಸಿಕ್ಕಿದರೆ ಅಲ್ಲಿ ಏನು ನೋಡಬೇಕು?

ನಂದಿತಪ್ಪಲು:
ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗಿ. ಬೆಂಚ್ ಮೇಲೆ ಒರಗಿಸಿಟ್ಟು, ಒಂದೇ ಲಾಟಿನ (ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದ) ರೌಂಡಿನಿಂದ 10 ಗುಂಡಿನ ಗ್ರೂಪ್ ಹಾಕಿ. 5 ಗುಂಡು ಸಾಲದು, ಅದೃಷ್ಟಕ್ಕೆ ಚೆನ್ನಾಗಿ ಬಂದುಬಿಡುತ್ತದೆ. ಗ್ರೂಪ್ ಉದ್ದುದ್ದ ಬಂದರೆ ಮೊದಲು ರೌಂಡಿನ ಮೇಲೆ ಅನುಮಾನ ಪಡಿ, ಅಡ್ಡಡ್ಡ ಬಂದರೆ ಗಾಳಿ ಮೇಲೆ. ಬೇರೆ ಬೇರೆ ಲಾಟ್ ಹೀಗೇ ಹೋಲಿಸಿ, ನಿಮ್ಮ ನಳಿಗೆಗೆ ಒಪ್ಪಿದ್ದು ಸಿಕ್ಕಿದರೆ ಅದೇ ಲಾಟ್ ಕೈಲಾದಷ್ಟು ತೆಗೆದಿಟ್ಟುಕೊಳ್ಳಿ, ಲೈಸೆನ್ಸಿನ ಮಿತಿಯೊಳಗೆ. ಸ್ಕೋಪಿಗೆ ಇಟ್ಟ ದುಡ್ಡಿನಲ್ಲಿ ಅರ್ಧ ಇದಕ್ಕೇ ಹಾಕಿ. ಲೋಹದ ಆಕೃತಿಗಳಿಗೆ ಹೊಡೆಯುವ ಸ್ಮಾಲ್‌ಬೋರ್ ಸಿಲೂಯೆಟ್ ಪಂದ್ಯದಲ್ಲೂ ದೂರ 40, 60, 77, 100 ಮೀಟರ್. ಅಲ್ಲಿಗೆ ಮುಗಿಯುತ್ತದೆ. ನನ್ನ ಕೇಳಿದರೆ 100 ಮೀಟರ್‌ವರೆಗೆ ಈ ರೈಫಲ್ ಅನ್ನು ನಂಬಬಹುದು, ಗಾಳಿ ಓದಲು ಬಂದರೆ 150. 200 ಅನ್ನು ಗಾಳಿ ಕಲಿಯುವ ಪಾಠ ಅಂತ ಇಟ್ಟುಕೊಳ್ಳಿ, ಅದೂ ಅಷ್ಟು ಉದ್ದದ, ಹಿಂದೆ ಸರಿಯಾದ ಮಣ್ಣಿನ ದಿಬ್ಬ ಇರುವ ಅಧಿಕೃತ ರೇಂಜ್ ಸಿಕ್ಕಿದಾಗ.