‘ಜಿನ್ಸಿಯತ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಜಮಾಲುದ್ದೀನ್ ಅಫ್ಘಾನಿ ಅವರ ಎರಡು ಬರಹಗಳ ಸಾರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯುರೋಪಿನವರ ಆಳ್ವಿಕೆಯ ಎದುರು ಮುಸ್ಲಿಮರೆಲ್ಲ ಒಂದಾಗಬೇಕು ಅಂತ ಕಾಬೂಲ್, ಕೈರೋ, ಪ್ಯಾರಿಸ್ ಸುತ್ತಿದವರು ಅವರು. 1897ರಲ್ಲಿ ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಅವರ ‘ಇತ್ತಿಹಾದ್’ ನನ್ನನ್ನು ಕಾಡಲಿಲ್ಲ. ಐಕ್ಯ, ಏಕತೆ ಎರಡಕ್ಕಿಂತ ‘ಒಗ್ಗಟ್ಟು’ ಚೆನ್ನಾಗಿ ಒಪ್ಪುತ್ತದೆ, ಅದರೊಳಗೆ ಕಟ್ಟು ಇದೆ. ಕಷ್ಟ ಇರುವುದು ‘ಜಿನ್ಸಿಯತ್’ನಲ್ಲಿ. ನಾವೆಲ್ಲ ಒಂದೇ ಜನ ಅನ್ನುವ ಭಾವಕ್ಕೆ ಅವರು ಬಳಸುವ ಪದ ಅದು.

ಇದರ ಬೇರು ಅರಬ್ಬಿಯ ‘ಜಿನ್ಸ್’. ಬಗೆ, ತರ ಅಂತ ಅರ್ಥ. ನಮ್ಮ ಅಂಗಡಿಯ ‘ಜಿನಸಿ’ ಬಂದದ್ದೂ ಅಲ್ಲಿಂದಲೇ, ಅಂದರೆ ಬಗೆಬಗೆಯ ಸಾಮಾನು. ಅದೇ ಬಾಯಿಂದ ಬಾಯಿಗೆ ಸವೆದು ‘ದಿನಸಿ’ ಆಯಿತು. ದಿನಾ ಬೇಕಾಗುವುದರಿಂದ ದಿನಸಿ ಅಂತ ಅನ್ನಿಸುತ್ತದೆ, ಆದರೆ ದಿನಕ್ಕೂ ಅದಕ್ಕೂ ನಂಟಿಲ್ಲ. ಅತ್ತ ಅರಬ್ಬಿಯಲ್ಲಿ ‘ಜಿನ್ಸಿಯ್ಯ’ ಅಂದರೆ ಇವತ್ತು ಪೌರತ್ವ. ಒಂದೇ ಬೇರು ಇಲ್ಲಿ ಬೇಳೆ ಬೆಲ್ಲವಾಗಿದೆ, ಅಲ್ಲಿ ಪಾಸ್‌ಪೋರ್ಟಿನೊಳಗೆ ಕೂತಿದೆ!

1880ರ ಆಸುಪಾಸಿನಲ್ಲಿ ಅಫ್ಘಾನಿ ಹೈದರಾಬಾದಿನಲ್ಲಿದ್ದರು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಕೈಯಲ್ಲಿದ್ದವು. ಹೈದರಾಬಾದಿನ ‘ಮುಅಲ್ಲಿಮೆ ಶಫೀಕ್’ ಪತ್ರಿಕೆಗೆ ಅವರು ಫಾರಸಿಯಲ್ಲಿ ಬರೆದ ಒಂದು ಲೇಖನದ ತಲೆಬರಹದಲ್ಲೇ ‘ಜಿನ್ಸಿಯತ್’ ಇದೆ. ಜನರನ್ನು ಒಂದು ಮಾಡುವುದು ಮುಖ್ಯವಾಗಿ ಎರಡು, ಭಾಷೆ ಮತ್ತು ಧರ್ಮ. ಇವೆರಡರಲ್ಲಿ ಭಾಷೆಯ ನಂಟೇ ಜಾಸ್ತಿ ದಿನ ಬಾಳುತ್ತದೆ ಅನ್ನುತ್ತಾರೆ ಅವರು. ಧರ್ಮ ಬದಲಾದರೂ ಭಾಷೆಯನ್ನು ಉಳಿಸಿಕೊಂಡ ಜನರಿದ್ದಾರಲ್ಲ ಅನ್ನುವುದು ಅವರ ವಾದ. ಒಗ್ಗಟ್ಟಿನ ಇಸ್ಲಾಮಿಗೆ ಹೆಸರಾದವರ ಕೈಯಿಂದ ಬಂದ ಮಾತಿದು. ಓದಿದಾಗ ಎದ್ದು ಕೂತೆ.

ಆಮೇಲೆ ಕಾಲ ಬದಲಾಯಿತು. 1881ರಲ್ಲಿ ಫ್ರೆಂಚರು ಟ್ಯುನೀಶಿಯಾ ಹಿಡಿದರು, 1882ರಲ್ಲಿ ಬ್ರಿಟಿಷರು ಈಜಿಪ್ಟ್ ಹಿಡಿದರು. 1884ರಲ್ಲಿ ಪ್ಯಾರಿಸ್‌ನಿಂದ ತಮ್ಮ ಈಜಿಪ್ಟಿನ ಶಿಷ್ಯ ಮುಹಮ್ಮದ್ ಅಬ್ದುಹ್ ಜೊತೆ ಸೇರಿ ಅಫ್ಘಾನಿ ‘ಅಲ್ ಉರ್ವತುಲ್ ವುಸ್ಖಾ’ ಎಂಬ ಅರಬ್ಬಿ ಪತ್ರಿಕೆ ಹೊರಡಿಸಿದರು. ಬಲವಾದ ಹಿಡಿ ಅಂತ ಆ ಹೆಸರಿನ ಅರ್ಥ, ಕುರಾನಿನಿಂದ ತೆಗೆದದ್ದು. ಹದಿನೆಂಟೇ ಸಂಚಿಕೆ ಬಂದವು. ಅದರಲ್ಲಿ ಮತ್ತೆ ಅದೇ ಪದ, ಅರಬ್ಬಿ ರೂಪದಲ್ಲಿ: ಮುಸ್ಲಿಮರಿಗೆ ತಮ್ಮ ಧರ್ಮದ ಹೊರಗೆ ಬೇರೆ ‘ಜಿನ್ಸಿಯ್ಯ’ ಇಲ್ಲ ಅನ್ನುವ ಮಾತು!

ನನ್ನ ತೊಡಕು ಇಲ್ಲೇ ಇದೆ. ಮೊದಲ ಕಡೆ ‘ಜನಾಂಗ’, ಎರಡನೆಯ ಕಡೆ ‘ರಾಷ್ಟ್ರೀಯತೆ’ ಅಂತ ಹಾಕಿದರೆ ಎರಡು ವಾಕ್ಯವೂ ಸಲೀಸಾಗಿ ಓದಿಸಿಕೊಂಡು ಹೋಗುತ್ತವೆ. ಆದರೆ ಒಂದೇ ಪದವನ್ನು ಅವರು ನಾಲ್ಕು ವರ್ಷದಲ್ಲಿ ಹೇಗೆ ತಿರುಗಿಸಿದರು ಅನ್ನುವುದೇ ಓದುಗರಿಗೆ ಕಾಣಿಸುವುದಿಲ್ಲ. ಹಾಗಾಗಿ ಎರಡೂ ಕಡೆ ಕೂರುವ ಒಂದೇ ಪದ ಬೇಕು.

‘ರಾಷ್ಟ್ರೀಯತೆ’ಯನ್ನೇ ಎರಡೂ ಕಡೆ ಇಟ್ಟರೆ ಇವತ್ತಿನ ರಾಜಕೀಯದ ವಾಸನೆ ಬಡಿಯುತ್ತದೆ. ‘ಜನಾಂಗ’ ಅಂದರೆ ರಕ್ತಸಂಬಂಧ ನೆನಪಾಗುತ್ತದೆ. ಉರ್ದುವಿನ ‘ಕೌಮ್’ ಹತ್ತಿರದ್ದೇನೋ ಹೌದು, ಆದರೆ ಅದು ಕನ್ನಡಕ್ಕೆ ‘ಕೋಮು’ ಆಗಿ ಬಂದು ಗಲಭೆಯ ಸುದ್ದಿಗೆ ಅಂಟಿಕೊಂಡಿದೆ. ಪಾಪ, ಆ ಪದವನ್ನು ಅಲ್ಲಿಂದ ಬಿಡಿಸುವುದು ಕಷ್ಟ. ಬಂಗಾಳಿಯವರಿಗೆ ‘ಜಾತೀಯ’ ಅಂದರೆ ರಾಷ್ಟ್ರೀಯ. ನಮ್ಮ ‘ಜಾತೀಯತೆ’ಗೆ ಆ ಅರ್ಥ ಬರುವುದೇ ಇಲ್ಲ.

ಸದ್ಯಕ್ಕೆ ‘ಒಂದೇ ಜನ ಎಂಬ ನಂಟು’ ಅಂತ ಬರೆದುಕೊಂಡಿದ್ದೇನೆ. ಅರ್ಥ ಸರಿ ಇದೆ, ಉದ್ದ ಜಾಸ್ತಿ. ‘ಜನತನ’ ಅಂದರೆ ಕಿವಿಗೆ ಒಗ್ಗುತ್ತದಾ? ಬೀದರ್, ಕಲಬುರಗಿ ಕಡೆಯವರು ಯಾರಾದರೂ ಹಿರಿಯರ ಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಕೇಳಿದ್ದರೆ ದಯವಿಟ್ಟು ತಿಳಿಸಿ.