ಬಿ ಡೇಟಮ್‌ನಿಂದ ದೂರ ಹೋದಷ್ಟೂ ಪೊಸಿಷನ್ ಎರರ್ ಜಾಸ್ತಿ: ಪಾರ್ಟ್ ತಪ್ಪೋ, ಅಲೈನ್‌ಮೆಂಟ್ ತಪ್ಪೋ?

ಬೋರ್_47:
ಅಲ್ಯೂಮಿನಿಯಂ ಗೇರ್‌ಬಾಕ್ಸ್ ಕವರ್. ಡೇಟಮ್ (ಅಳತೆಗೆ ಆಧಾರವಾದ ಭಾಗ) ಎ ಮೆಷಿನಿಂಗ್ ಆದ ಫೇಸ್, ಬಿ 47 ಎಚ್7 (ಹೋಲ್‌ನ ಟಾಲರೆನ್ಸ್ ದರ್ಜೆ) ಬೇರಿಂಗ್ ಬೋರ್, ಸಿ 8 ಎಚ್7 ಡೋವೆಲ್ ಹೋಲ್. ಬಿ ಸೆಂಟರ್ ಸೊನ್ನೆ, ಸಿ ಇರೋದು ಎಕ್ಸ್ 82, ವೈ 24ರಲ್ಲಿ. ಎಕ್ಸ್ ಅಕ್ಷದ ಮೇಲೆ ಸಾಲಾಗಿ 9 ಮಿ.ಮೀ. ಹೋಲ್‌ಗಳಿವೆ, ಪೊಸಿಷನ್ ಟಾಲರೆನ್ಸ್ (ಸೆಂಟರ್ ಒಳಗಿರಬೇಕಾದ ವೃತ್ತ) ವ್ಯಾಸ 0.1, ಎ-ಬಿ-ಸಿ ಆಧಾರ, ಎಂಎಂಸಿ (ಹೋಲ್ ದೊಡ್ಡದಾದಷ್ಟೂ ಪೊಸಿಷನ್‌ಗೆ ಬೋನಸ್ ಕೊಡೋ ಷರತ್ತು) ಗುರುತಿಲ್ಲ.

ಪಿಸಿ-ಡಿಮಿಸ್‌ನಲ್ಲಿ (ಸಿಎಂಎಂ, ಅಂದ್ರೆ ಪ್ರೋಬ್ ತಾಗಿಸಿ ಅಳೆಯೋ ಯಂತ್ರದ ಸಾಫ್ಟ್‌ವೇರ್) ನನ್ನ ಅಲೈನ್‌ಮೆಂಟ್ ಇದು: ಎ ಪ್ಲೇನ್‌ಗೆ ಲೆವೆಲ್, ಬಿ-ಸಿ ಲೈನ್‌ಗೆ 16.3° ಆಫ್‌ಸೆಟ್ ಕೊಟ್ಟು ರೊಟೇಟ್, ಬಿ ಮೇಲೆ ಒರಿಜಿನ್. ವೈ ಡೀವಿಯೇಷನ್ ಹೀಗೆ ಬರ್ತಿದೆ: ಎಕ್ಸ್ 60ರಲ್ಲಿ -0.014, 120ರಲ್ಲಿ -0.030, 210ರಲ್ಲಿ -0.052. ಎಕ್ಸ್ ಎಲ್ಲೂ 0.005 ದಾಟಿಲ್ಲ. ಕೊನೆಯ ಹೋಲ್ 0.104 ಆಗಿ ಫೇಲ್. ಪಾರ್ಟನ್ನು ಟೇಬಲ್ ಮೇಲೆ 180° ತಿರುಗಿಸಿಟ್ಟು ಅಳೆದರೂ ಅದೇ. ಆದರೆ ಜಿಯೊಮೆಟ್ರಿಕ್ ಟಾಲರೆನ್ಸ್ ಕಮಾಂಡ್ ಅದೇ ಹೋಲ್‌ಗೆ 0.009 ತೋರಿಸುತ್ತೆ, ಪಿನ್ ಗೇಜೂ ಸಲೀಸಾಗಿ ಕೂರುತ್ತೆ. ಯಾವುದನ್ನ ನಂಬೋದು?

ಮೈಕ್ರಾನ್_ಲೆಕ್ಕ:
ವೈ ಎರರನ್ನ ಎಕ್ಸ್ ದೂರದಿಂದ ಭಾಗಿಸಿ ನೋಡಿ. ಮೂರಕ್ಕೂ ಸುಮಾರು 0.00024 ಬರುತ್ತೆ. ದೂರಕ್ಕೆ ತಕ್ಕಂತೆ, ಅದೂ ಅಡ್ಡಕ್ಕೆ ಬೆಳೆಯೋ ಎರರ್ ಅಂದ್ರೆ ರೊಟೇಷನ್ ತಪ್ಪು. ಟೆಂಪರೇಚರ್ ಕಾರಣ ಆಗಿದ್ದಿದ್ದರೆ ಎಕ್ಸ್ ಬೆಳೀಬೇಕಿತ್ತು: ಅಲ್ಯೂಮಿನಿಯಂ ಪಾರ್ಟ್ 26°ನಲ್ಲಿದ್ದು ಕಾಂಪೆನ್ಸೇಷನ್ ಆಫ್ ಇದ್ದರೆ 210 ಮಿ.ಮೀ.ಗೆ ಹತ್ತಿರ ಹತ್ತಿರ 0.029 ಹಿಗ್ಗುತ್ತೆ.

ನಿಮ್ಮ ಕೋನವೇ ತಪ್ಪು. 24/82ರ ಆರ್ಕ್‌ಟ್ಯಾನ್ 16.31385°. ನೀವು 16.3ಕ್ಕೆ ನಿಲ್ಲಿಸಿದ್ದೀರಿ. ಬಿಟ್ಟುಹೋದ 0.01385° 210 ಮಿ.ಮೀ. ದೂರದಲ್ಲಿ 0.051 ಆಗುತ್ತೆ, ಪೊಸಿಷನ್ ವ್ಯಾಸದ ಲೆಕ್ಕವಾದ್ದರಿಂದ ಎರಡರಷ್ಟು, 0.102. ಟಾಲರೆನ್ಸ್ ಪೂರ್ತಿ ಅಲ್ಲೇ ಖಾಲಿ.

ಖಾತ್ರಿ ಮಾಡ್ಕೊಳ್ಳೋಕೆ ಅದೇ ಅಲೈನ್‌ಮೆಂಟ್‌ನಲ್ಲಿ ಸಿ ಹೋಲನ್ನೇ ರಿಪೋರ್ಟ್ ಮಾಡಿ. ಎಕ್ಸ್ 82.006, ವೈ 23.980ರ ಆಸುಪಾಸು ಬರಬೇಕು. ಅಲೈನ್‌ಮೆಂಟ್ ಸರಿ ಇದ್ದರೆ ಸಿಯಲ್ಲಿ ಉಳಿಯೋದು ಬಿ-ಸಿ ಗೆರೆಯ ಗುಂಟ ಇರುವ ಅಂತರದ ವ್ಯತ್ಯಾಸ ಮಾತ್ರ. ಅಡ್ಡಕ್ಕೆ ಒಂದು ಮೈಕ್ರಾನೂ ಇರಕೂಡದು.

ಆಫ್‌ಸೆಟ್ ಜಾಗದಲ್ಲಿ ಐದು ದಶಮಾಂಶ ಕೊಡಿ. ಚಿಹ್ನೆ ಉಲ್ಟಾ ಆದರೆ 32.6° ಸರಿಯುತ್ತೆ, ಅದು ಕಣ್ಣಿಗೇ ಬೀಳುತ್ತೆ. ಕಾಡೋದು ಇಂಥ ಸಣ್ಣ ರೌಂಡಿಂಗ್.

ಎರಡು ರಿಸಲ್ಟ್ ಯಾಕೆ ಅಂದ್ರೆ, ಹಳೆಯ ಲೆಗಸಿ ಡೈಮೆನ್ಷನ್ (0.104 ಕೊಟ್ಟದ್ದು) ಆಗ ಚಾಲ್ತಿಯಲ್ಲಿರೋ ಅಲೈನ್‌ಮೆಂಟ್‌ನಲ್ಲಿ ಲೆಕ್ಕ ಹಾಕುತ್ತೆ. ಜಿಯೊಮೆಟ್ರಿಕ್ ಟಾಲರೆನ್ಸ್ ಕಮಾಂಡ್ ಎ-ಬಿ-ಸಿ ಫೀಚರ್‌ಗಳಿಂದ ತನ್ನದೇ ಫ್ರೇಮ್ ಕಟ್ಟಿಕೊಳ್ಳುತ್ತೆ, ನಿಮ್ಮ 16.3 ಅದಕ್ಕೆ ತಟ್ಟೋದಿಲ್ಲ. ಸಿ ನಾಮಿನಲ್ ಮಾತ್ರ ಸರಿಯಾಗಿ 82, 24 ಇರಬೇಕು.

ಗೇಜ್_ರೂಮ್:
ಉತ್ತರ ಸರಿ, ಆದರೆ ಪಿನ್ ಗೇಜನ್ನ ಸಾಕ್ಷಿ ಅಂತ ತಗೋಬೇಡಿ ಸರ್. ಇಂಥ ಗೇಜ್ ಎಂಎಂಸಿ ಲೆಕ್ಕದ್ದು: ಹೋಲ್ ಕನಿಷ್ಠ 9.0, ಪೊಸಿಷನ್ 0.1, ಆದ್ದರಿಂದ ಪಿನ್ 8.9. ಹೋಲ್ ನಿಜಕ್ಕೂ 9.08 ಇದ್ದರೆ ಪೊಸಿಷನ್ 0.18 ಇದ್ದರೂ ಪಿನ್ ಒಳಗೆ ಹೋಗುತ್ತೆ. ಡ್ರಾಯಿಂಗ್‌ನಲ್ಲಿ ಎಂಎಂಸಿ ಇಲ್ಲದಿದ್ದ ಮೇಲೆ ಆ ಬೋನಸ್ ನಿಮಗಿಲ್ಲ. ಗೇಜ್ ಪಾಸ್ ಆಯ್ತು ಅಂತ ಪಾರ್ಟ್ ಬಿಟ್ಟರೆ ಕಸ್ಟಮರ್ ಕಡೆ ವಾಪಸ್ ಬರುತ್ತೆ.

ಸಿ ಹೋಲನ್ನ ಎಷ್ಟು ಪಾಯಿಂಟ್‌ನಲ್ಲಿ ತಗೊಳ್ತಿದ್ದೀರಿ? ಬಿ-ಸಿ ಅಂತರ 85.44 ಮಾತ್ರ, ನೀವು ಅಳೆಯೋದು 210ರ ತನಕ. ಸಿ ಸೆಂಟರ್ ಅಡ್ಡಕ್ಕೆ 0.010 ತಪ್ಪಿದರೆ ಕೊನೆಯ ಹೋಲ್‌ನಲ್ಲಿ 0.025, ಪೊಸಿಷನ್‌ನಲ್ಲಿ 0.05. ಅರ್ಧ ಟಾಲರೆನ್ಸ್ ಹೋಯ್ತು. ನಾಲ್ಕು ಪಾಯಿಂಟ್ ಸಾಲದು. ಎರಡು ಆಳದಲ್ಲಿ ಎಂಟೆಂಟು ಪಾಯಿಂಟ್, 3 ಮಿ.ಮೀ. ಟಿಪ್, ಶ್ಯಾಂಕ್ (ಟಿಪ್‌ನ ಕಡ್ಡಿ) ಅಂಚಿಗೆ ತಾಗದಂತೆ. ಸಿಲಿಂಡರ್ ಆಕ್ಸಿಸನ್ನ ಹಾಗೇ ಎ ಪ್ಲೇನ್‌ಗೆ ಎಳೆದು ಛೇದಿಸಬೇಡಿ. ಗಿಡ್ಡ ಹೋಲ್‌ನ ಆಕ್ಸಿಸ್ ಸ್ವಲ್ಪ ವಾಲಿದ್ದರೂ ಆ ಬಿಂದು ಸರಿಯುತ್ತೆ. ಎ-ಗೆ ಲಂಬವಾಗಿಯೇ ಫಿಟ್ ಮಾಡಿ. ಒಳಗೆ ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿದ ಚೂಪು) ಇದೆಯಾ ಅಂತಲೂ ಒಮ್ಮೆ ನೋಡಿ.

ಬೋರ್_47:
16.31385 ಕೊಟ್ಟೆ. 210ರ ಹೋಲ್ ಈಗ ಎಕ್ಸ್ +0.004, ವೈ -0.001, ಪೊಸಿಷನ್ 0.008. ಸಿ ನಾಲ್ಕು ಪಾಯಿಂಟೇ ಇತ್ತು, ಬದಲಿಸಿದ್ದೀನಿ. ಇನ್ನೊಂದು ಉಳಿದಿದೆ: ಪಕ್ಕದ ಫೇಸ್‌ನ ಹೋಲ್‌ಗಳನ್ನ ಎ90ಬಿ0 (ಪ್ರೋಬ್ ಹೆಡ್ 90° ವಾಲಿಸಿದ) ಟಿಪ್‌ನಲ್ಲಿ ಅಳೆದರೆ ಎಲ್ಲದರಲ್ಲೂ ಝಡ್ ಡೀವಿಯೇಷನ್ ಒಂದೇ ಸಮ +0.012. ದೂರಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮೈಕ್ರಾನ್_ಲೆಕ್ಕ:
ಎಲ್ಲ ಕಡೆ ಒಂದೇ ಅಂಕಿ, ಅದೂ ಒಂದೇ ಟಿಪ್‌ನಲ್ಲಿ ಅಂದ್ರೆ ಮೊದಲ ಅನುಮಾನ ಟಿಪ್ ಕ್ಯಾಲಿಬ್ರೇಷನ್ ಮೇಲೆ. ಎ90ಬಿ0 ಒಂದನ್ನೇ ಮತ್ತೆ ಕ್ಯಾಲಿಬ್ರೇಟ್ ಮಾಡುವಾಗ ಯಾರೋ ಕ್ಯಾಲಿಬ್ರೇಷನ್ ಸ್ಫಿಯರ್ (ಅಳತೆ ಗೊತ್ತಿರೋ ಗೋಲ) ಜಾಗ ಬದಲಾಗಿದೆಯಾ ಅನ್ನೋ ಪ್ರಶ್ನೆಗೆ ಹೌದು ಒತ್ತಿರಬಹುದು. ಆಗ ಆ ಟಿಪ್‌ಗೂ ಮಾಸ್ಟರ್ ಟಿಪ್ ಎ0ಬಿ0ಗೂ ಇದ್ದ ಸಂಬಂಧ ಕಡಿದುಹೋಗುತ್ತೆ.

ಎ0ಬಿ0 ಮತ್ತು ಎ90ಬಿ0 ಎರಡರಲ್ಲೂ ಕ್ಯಾಲಿಬ್ರೇಷನ್ ಸ್ಫಿಯರನ್ನ ಅಳೆದು ಸೆಂಟರ್ ಹೋಲಿಸಿ. ಅಲ್ಲೂ 0.012 ಕಂಡರೆ ಸ್ಫಿಯರ್, ಟಿಪ್ ಎರಡನ್ನೂ ಒರೆಸಿ, ಸ್ಫಿಯರ್ ಸ್ಟೆಮ್ ಅಲ್ಲಾಡ್ತಿಲ್ಲ ಅಂತ ನೋಡಿ, ಮೊದಲು ಎ0ಬಿ0ಗೆ ಹೌದು ಕೊಟ್ಟು ಮಾಡಿ. ಉಳಿದ ಎಲ್ಲ ಕೋನಗಳಿಗೂ ಇಲ್ಲ. ಆಮೇಲೆ ಅಲೈನ್‌ಮೆಂಟ್‌ನಿಂದಲೇ ಪ್ರೋಗ್ರಾಂ ಮತ್ತೆ ಓಡಿಸಿ. ಹಳೆಯ ಡೇಟಮ್ ರೀಡಿಂಗ್ ಉಳಿಸಿಕೊಂಡು ಮಧ್ಯದಿಂದ ಶುರು ಮಾಡಬೇಡಿ.