ಸಹಾಯ ಬೇಕು: ‘ಕೆ’ ಅಕ್ಷರದ ಇಂಗ್ಲಿಷ್ ಪದಗಳು

ವಾರಕ್ಕೊಂದು ಅಕ್ಷರ ಹಿಡಿದು ಮಗಳಿಗೆ ಇಂಗ್ಲಿಷ್ ಪದ ಕಲಿಸುತ್ತಿದ್ದೇನೆ. ‘ಜೆ’ ತನಕ ಸಲೀಸಾಗಿ ಬಂತು. ‘ಕೆ’ ಹತ್ತಿರ ಗಾಡಿ ನಿಂತಿದೆ. ಕೈಟ್, ಕಿಂಗ್, ಕಿಚನ್ ಆಯ್ತು. ಆಮೇಲೆ ನೈಫ್ ಬರೆಸಿದೆ. ‘ಅಮ್ಮಾ, ಇದು ‘ಎನ್’ ಪುಟದ್ದು ಅಲ್ವಾ?’ ಅಂದಳು. ನೀ (knee), ನಾಕ್ (knock), ನಾಟ್ (knot) ಎಲ್ಲದರದ್ದೂ ಇದೇ ಕಥೆ. ಹಳೇ ಇಂಗ್ಲಿಷಿನಲ್ಲಿ ಆ ‘ಕೆ’ಯನ್ನು ಉಚ್ಚರಿಸುತ್ತಿದ್ದರು, ಆಮೇಲೆ ಸದ್ದು ಬಿದ್ದುಹೋಯಿತು, ಬರಹದಲ್ಲಿ ಮಾತ್ರ ಉಳಿಯಿತು ಎಂದೆ. ಏಳು ವರ್ಷದವಳಿಗೆ ಇದೆಲ್ಲ ಎಲ್ಲಿ ತಲೆಗೆ ಹೋಗಬೇಕು! ಸಾಲದ್ದಕ್ಕೆ ರಾತ್ರಿಯ ನೈಟೂ ಕುದುರೆ ಮೇಲಿನ ವೀರ ನೈಟೂ ಕೇಳುವುದಕ್ಕೆ ಒಂದೇ.

ಇಂಥ ಪದಗಳನ್ನು ನೀವು ಬೇರೆಯಾಗಿ ಕಲಿಸಿದಿರಾ, ಒಟ್ಟಿಗೇನಾ? ವಾಕ್ಯದಲ್ಲಿ ಬಳಸುವಂಥ ಆಟ ಗೊತ್ತಿದ್ದರೆ ಹೇಳಿ. ಸುಮ್ನೆ ಉದ್ದದ ಪಟ್ಟಿ ಬೇಡ, ಅದು ನನ್ನ ಹತ್ತಿರ ಬೇಕಾದಷ್ಟಿದೆ.